ಹೊಲ ಗಾಲ್ಫ್ ಬಯಲಾದರೆ ಮಣ್ಣು ಎಲ್ಲಿಗೆ ಹೋಗುತ್ತದೆ?

ಬೇಸಾಯದ ಪುಟದಲ್ಲಿ ಸಾಹುಕಾರರ ಚೆಂಡಾಟದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು. ಮೊನ್ನೆ ಕೊಯಮತ್ತೂರಿಗೆ ಹೋಗಿದ್ದಾಗ ಆರ್.ಎಸ್. ಪುರಂನ ಡಿ.ಬಿ. ರಸ್ತೆಯಲ್ಲಿ ನಮಗೆ ಪರಿಚಯದ ಗೌಡರೊಬ್ಬರು ಸಿಕ್ಕಿದರು. ಅನ್ನೂರು ಕಡೆಯ ಒಕ್ಕಲಿಗರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಅವರ ಹನ್ನೆರಡು ಎಕರೆ ಹೊಲವನ್ನು ಹದಿನೈದು ವರ್ಷದ ಗುತ್ತಿಗೆಗೆ ಕೇಳಿಕೊಂಡು ಪಟ್ಟಣದವರು ಬಂದಿದ್ದಾರಂತೆ. ಗಾಲ್ಫ್ ಹೊಡೆತ ಕಲಿಯುವವರಿಗೆ ಅಲ್ಲೊಂದು ಅಭ್ಯಾಸದ ಬಯಲು ಆಗಬೇಕಂತೆ. ಗುತ್ತಿಗೆಯ ಹಣ ಜೋಳದ ಹುಟ್ಟುವಳಿಗಿಂತ ಎಷ್ಟೋ ಮೇಲು. "ಕಟ್ಟಡ ಕಟ್ಟೋದಿಲ್ಲ, ಹುಲ್ಲು ತಾನೇ ಬೆಳೆಸ್ತಾರೆ. ಮಣ್ಣು ಎಲ್ಲಿಗೆ ಹೋಗ್ತದೆ, ಅಣ್ಣಾ?" ಎಂದು ಅವರು ಕೇಳಿದರು.

ಕೊಡಬೇಡಿರೆಂದು ನಾವು ಹೇಳಲಿಲ್ಲ. ಆದರೆ ಮಣ್ಣು ಎಲ್ಲಿಗೂ ಹೋಗುವುದಿಲ್ಲವೆಂಬುದು ಮಾತ್ರ ತಪ್ಪು ತಿಳಿವಳಿಕೆ.

ಈ ಆಟ ನಮ್ಮ ನಾಡಿಗೆ ಹೊಸದಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಇದರ ಕ್ಲಬ್ಬುಗಳು ಹುಟ್ಟಿದವು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿಯೂ 18 ಗುಳಿಗಳ ಮೈದಾನವಿದೆ. ಅಂಥ ಪೂರ್ಣ ಮೈದಾನಕ್ಕೆ ನೂರು ಎಕರೆಗೂ ಮೀರಿ ನೆಲ ಬೇಕು. ಅಭ್ಯಾಸದ ಬಯಲಿಗೆ ಅಷ್ಟು ಬೇಡ. ಚೆಂಡು ಹಾರಿ ಬೀಳಲು ಉದ್ದ 300 ಗಜ, ಅಗಲ 150 ಗಜ ಎಂದಿಟ್ಟುಕೊಂಡರೆ ಒಂಬತ್ತೂ ಕಾಲು ಎಕರೆಯಾಯಿತು. ಬೆಳಗು ಬೈಗಿನ ಬಿಸಿಲು ಕಣ್ಣಿಗೆ ಹೊಡೆಯದಂತೆ ಆಟಗಾರರು ಉತ್ತರಕ್ಕೆ ಮುಖಮಾಡಿ ನಿಲ್ಲುವ ಹಾಗೆ ಬಯಲನ್ನು ಹೂಡುವುದು ಒಳ್ಳೆಯ ಪದ್ಧತಿ. ಚೆಂಡಿನ ತೂಕ 46 ಗ್ರಾಂ; ವೇಗವಾಗಿ ಬಂದು ಬಡಿದರೆ ಕಳೆ ಕೀಳುವ ಹೆಂಗಸಿನ ತಲೆಯೇ ಒಡೆದೀತು. ಆದುದರಿಂದ ಪಕ್ಕದ ಹೊಲಗಳ ಕಡೆಗೆ ಎತ್ತರದ ಕಂಬ ನೆಟ್ಟು ಬಲೆ ಕಟ್ಟಲೇಬೇಕು. ಇದನ್ನು ಬಾಯಿಮಾತಿಗೆ ಬಿಡತಕ್ಕದ್ದಲ್ಲ.

ಇನ್ನು ಮಣ್ಣಿನ ವಿಷಯ. ನೆಲವನ್ನು ಏರು ತಗ್ಗು ಮಾಡಿ ರೂಪಿಸುವಾಗ ಯಂತ್ರ ಮೊದಲು ಕೆರೆಯುವುದು ಮೇಲುಮಣ್ಣನ್ನು. ಆರಂಗುಲ ಕೆರೆದರೆ ಎಕರೆಗೆ ಸುಮಾರು 600 ಘನ ಮೀಟರು ಮಣ್ಣು ಏಳುತ್ತದೆ. ತಿಳಿದ ಗುತ್ತಿಗೆದಾರನು ಅದನ್ನು ಬೇರೆಯಾಗಿ ರಾಶಿಹಾಕಿಸಿ, ಅಡಿಯ ನೆಲ ಸಮವಾದ ಮೇಲೆ ಮತ್ತೆ ಮೇಲಕ್ಕೆ ಹರಡಿಸುತ್ತಾನೆ. ಅವಸರದವನು ಗುಂಡಿಗೆ ತುಂಬುತ್ತಾನೆ, ಇಲ್ಲವೆ ಇಟ್ಟಿಗೆ ಗೂಡಿಗೆ ಮಾರುತ್ತಾನೆ. ತಾತಂದಿರ ಕಾಲದಿಂದ ಗೊಬ್ಬರ ಉಂಡ ಮಣ್ಣು ಒಂದು ವಾರದಲ್ಲಿ ಹೋಯಿತೆಂದರೆ ಹದಿನೈದು ವರ್ಷದ ಗುತ್ತಿಗೆ ಹಣವೂ ಅದನ್ನು ತರಲಾರದು.

ಚೆಂಡನ್ನು ಗುಳಿಗೆ ಉರುಳಿಸುವ ನುಣುಪು ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಹನ್ನೆರಡು ಹದಿಮೂರು ಸೆಂಟು ಇದ್ದೀತು. ಇದನ್ನು ಕಟ್ಟುವ ಒಂದು ಕ್ರಮವನ್ನು ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಪ್ರಕಟಿಸಿತು: ಕೆಳಗೆ ನೀರು ಬಸಿಯುವ ಕೊಳವೆ, ಅದರ ಮೇಲೆ ನಾಲ್ಕಂಗುಲ ಜಲ್ಲಿ, ಅದರ ಮೇಲೆ ಒಂದಡಿ ಮರಳಿನ ಹಾಸು. ಒಂದು ಗ್ರೀನ್‌ಗೆ 150 ಘನ ಮೀಟರು ಮರಳು ಬೇಕಾಗುತ್ತದೆ. ಮರಳಿನಲ್ಲಿ ನೀರು ನಿಲ್ಲದು, ಗೊಬ್ಬರವೂ ನಿಲ್ಲದು. ಹಾಕಿದ ಯೂರಿಯ, ಹೊಡೆದ ಔಷಧಿ ಬಸಿದು ಎಲ್ಲಿಗೆ ಸೇರುತ್ತವೆ? ಕೊಳವೆಯ ಬಾಯಿ ನಿಮ್ಮ ಬಾವಿಯ ಕಡೆಗಿದೆಯೇ ಎಂದು ನಕ್ಷೆಯಲ್ಲೇ ನೋಡಿಕೊಳ್ಳಬೇಕು.

ಅಲ್ಲಿ ಬೆಳೆಸುವ ಹುಲ್ಲು ಯಾವುದೆಂದು ತಿಳಿದರೆ ಓದುಗರು ನಕ್ಕಾರು: ನಾವು ಬೇಸಿಗೆಯೆಲ್ಲ ಅಗೆದು ಸುಡುವ ಗರಿಕೆ! ಬಿಸಿಲುನಾಡಿನ ಮೈದಾನಗಳಿಗೆ ಅದರ ಮಿಶ್ರತಳಿಗಳೇ ಆಧಾರ. ಟಿಫ್‌ಡ್ವಾರ್ಫ್ ಎಂಬ ಗಿಡ್ಡ ಗರಿಕೆ 1965ರಲ್ಲಿ ಅಮೆರಿಕದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಿಂದ ಹೊರಬಂದಿತು. ಅಲ್ಲಿನ ವಿಜ್ಞಾನಿ ಗ್ಲೆನ್ ಬರ್ಟನ್ ನಮಗೆ ಪೂರಾ ಅಪರಿಚಿತರಲ್ಲ. ಅವರು ಬೆಳೆಸಿದ ಟಿಫ್ಟ್ 23ಎ ಎಂಬ ಸಜ್ಜೆಯ ತಾಯಿತಳಿಯಿಂದಲೇ ಅದೇ 1965ರಲ್ಲಿ ನಮ್ಮ ದೇಶದ ಹೆಚ್.ಬಿ. 1 ಮಿಶ್ರತಳಿ ಸಜ್ಜೆ ಬಂದಿತು. ಈ ಮಿಶ್ರ ಗರಿಕೆ ಬೀಜ ಕಟ್ಟುವುದಿಲ್ಲ, ತುಂಡು ನೆಡಬೇಕು. ಆದರೆ ಬೇರಿನಿಂದ ಹಬ್ಬುವುದರಲ್ಲಿ ಮನೆತನದ ಬುದ್ಧಿ ಬಿಟ್ಟಿಲ್ಲ. ಗುತ್ತಿಗೆ ಮುಗಿದಾಗ ಹೊಲ ಗರಿಕೆ, ಮರಳು, ಕೊಳವೆಗಳೊಂದಿಗೆ ಕೈಸೇರಿದರೆ ಅದನ್ನು ಹಸನುಮಾಡುವ ಖರ್ಚು ಯಾರದು?

ನೀರಿನ ಲೆಕ್ಕ ಹೇಳದೆ ಹೋದರೆ ಮಾತು ಮುಗಿಯದು. ಒಂದು ಎಕರೆಗೆ ಒಂದು ಮಿಲಿಮೀಟರು ನೀರೆಂದರೆ 4,047 ಲೀಟರು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರು ಕೊಟ್ಟರೆ ಎಕರೆಗೆ 20,000 ಲೀಟರು. ಹತ್ತು ಎಕರೆಗೂ ಹಾಯಿಸಿದರೆ ದಿನಕ್ಕೆ ಎರಡು ಲಕ್ಷ. ಬಾಳೆಯೂ ಕಬ್ಬೂ ಏನು ಕಡಮೆ ಕುಡಿಯುತ್ತವೆಯೇ ಎಂದರೆ ಇಲ್ಲ. ಈ ವಿಷಯದಲ್ಲಿ ನಮ್ಮವರೂ ನಿರ್ದೋಷಿಗಳಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳು ಈ ಸೀಮೆಯಲ್ಲಿ ಎಷ್ಟಿಲ್ಲ?

ಆದರೆ ಅಭ್ಯಾಸದ ಬಯಲಿಗೆ ಅಷ್ಟು ನೀರಿನ ಅಗತ್ಯವೇ ಇಲ್ಲವೆಂಬುದು ನಮ್ಮ ಮುಖ್ಯ ವಾದ. ಆಟಗಾರನು ನಿಂತು ಹೊಡೆಯುವ ಅರ್ಧ ಎಕರೆಗೆ ಮಾತ್ರ ಒಳ್ಳೆಯ ಹುಲ್ಲು ಬೇಕು. ಅದಕ್ಕೆ 10,000 ಲೀಟರು ಸಾಕು. ಪ್ರತಿ ಹೊಡೆತಕ್ಕೂ ಹುಲ್ಲಿನ ತುಂಡೊಂದು ಕಿತ್ತುಬರುವುದರಿಂದ ನಿಲ್ಲುವ ಸಾಲನ್ನು ದಿನದಿನಕ್ಕೆ ಸರಿಸಿ, ಬಿಟ್ಟ ನೆಲ ಚೇತರಿಸಿಕೊಳ್ಳಲು ಬಿಡುತ್ತಾರೆ. ನಾವು ಹೊಲವನ್ನು ಬೀಳುಬಿಟ್ಟಂತೆಯೇ. ಚಾಪೆ ಹಾಸಿದರೆ ಅದೂ ಬೇಡ. ಚೆಂಡು ಬೀಳುವ ಉಳಿದ ಬಯಲಿನಲ್ಲಿ ಮಳೆಗೆ ಬೆಳೆದ ಹುಲ್ಲನ್ನು ಕತ್ತರಿಸುತ್ತಿದ್ದರಾಯಿತು. ಹಸುಗಳಿಗೆ ಮೇವೂ ಆದೀತು. ನೀರು ಕಡಮೆಯಿದ್ದ ಹಳೆಯ ಮೈದಾನಗಳಲ್ಲಿ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ ಬ್ರೌನ್ ಮಾಡಿ ಆಡುತ್ತಿದ್ದರು. ಪೂರ್ಣ ಮೈದಾನವೇ ಬೇಕೆನ್ನುವವರು ಪಟ್ಟಣದ ಕೊಳಚೆನೀರನ್ನು ಶುದ್ಧಿಮಾಡಿ ಬಳಸಲಿ. ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಎಷ್ಟೋ ಮೈದಾನಗಳು ಹಾಗೆಯೇ ನಡೆಯುತ್ತಿವೆ. ಹಳ್ಳಿಯ ಅಂತರ್ಜಲ ಆಟಕ್ಕಾಗಿ ಇರತಕ್ಕದ್ದಲ್ಲ.

ಗೌಡರು ಇದನ್ನೆಲ್ಲ ಮಗನಿಂದ ಬರೆಸಿಕೊಂಡರು. ಮೇಲುಮಣ್ಣು ಹೊಲದ ಗಡಿ ದಾಟಬಾರದು. ಹೊಸ ಕೊಳವೆಬಾವಿ ಕೂಡದು. ಬಲೆ ಕಟ್ಟದೆ ಒಂದು ಚೆಂಡನ್ನೂ ಹೊಡೆಯಬಾರದು. ಕೊನೆಯಲ್ಲಿ ಮರಳು, ಕೊಳವೆ ತೆಗೆದು ಉಳುವ ನೆಲವಾಗಿ ಒಪ್ಪಿಸಬೇಕು, ಅದಕ್ಕೆ ಠೇವಣಿ ಮೊದಲೇ ಇಡಬೇಕು. ಗುತ್ತಿಗೆ ಕೇಳಿದವರಿಗೆ ಕಾಗದ ಹೋಗಿ ಮೂರು ವಾರವಾಯಿತು, ಜವಾಬು ಇಲ್ಲ. ಹದ ತಪ್ಪೀತೆಂದು ಗೌಡರು ಹೊಲಕ್ಕೆ ಜೋಳ ಬಿತ್ತಿಬಿಟ್ಟಿದ್ದಾರೆ.