ಸೈಕಲ್ಲಿನ ವೈರ್ ಹೊರಗೇ ಇರಲಿ

ಈಗ ಬರೋ ದುಬಾರಿ ಸೈಕಲ್‌ಗಳಲ್ಲಿ ಬ್ರೇಕ್ ವೈರೂ ಕಾಣೋಲ್ಲ, ಗೇರ್ ವೈರೂ ಕಾಣೋಲ್ಲ. ಹ್ಯಾಂಡಲ್ ಹತ್ತಿರ ಫ್ರೇಮಿನೊಳಗೆ ಹೊಕ್ಕು, ಹಿಂದಿನ ಚಕ್ರದ ಹತ್ತಿರ ಹೊರಗೆ ಬರ್ತವೆ. ನೋಡೋಕೆ ಚೆಂದ, ಒಪ್ಪಿದೆ. ಆದ್ರೆ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ದಿನಾ ಸೈಕಲ್ ಹೊಡೆಯೋರಿಗೆ ಈ ಚೆಂದ ಕೆಲಸಕ್ಕೆ ಬರೋದಿಲ್ಲ. ಇಲ್ಲಿ ವೈರ್ ಹೊರಗೇ ಇರಬೇಕು, ಅದೂ ಮೇಲಿನ ಪೈಪಿನ ಉದ್ದಕ್ಕೆ, ಪೂರ್ತಿ ಔಟರ್ ಒಳಗೆ. ಇದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಮೆಕ್ಯಾನಿಕ್ಸ್‌ನಲ್ಲಿ ಬೆಲ್ಟ್ ಫ್ರಿಕ್ಷನ್ ಓದಿದ್ದೀವಲ್ಲ? ಔಟರ್ ಒಳಗೆ ಬಾಗಿ ಹೋಗೋ ವೈರಿಗೂ ಅದೇ ಸೂತ್ರ: ಎಳೆದ ಬಲಕ್ಕೂ ಆ ಕಡೆ ಮುಟ್ಟಿದ ಬಲಕ್ಕೂ ಇರೋ ಅನುಪಾತ, ಇ ಟು ದ ಪವರ್ ಮ್ಯೂ ಥೀಟಾ. ಇದರಲ್ಲಿ ವೈರಿನ ಉದ್ದ ಎಲ್ಲೂ ಇಲ್ಲ. ಇರೋದು ಎರಡೇ: ಒಟ್ಟು ಎಷ್ಟು ಡಿಗ್ರಿ ಬಾಗಿದೆ, ಒಳಗೆ ಎಷ್ಟು ಘರ್ಷಣೆ ಇದೆ. ವೈರ್ ಒಟ್ಟು 180 ಡಿಗ್ರಿ ಬಾಗಿದೆ, ಮ್ಯೂ 0.1 ಅಂತ ಹಿಡಿಯಿರಿ. 100 ನ್ಯೂಟನ್ ಎಳೆದರೆ ಸುಮಾರು 73 ಮುಟ್ಟುತ್ತೆ. ಮಣ್ಣು ಹೊಕ್ಕು ಮ್ಯೂ 0.2 ಆಯ್ತು ಅಂದ್ರೆ ಮುಟ್ಟೋದು ಸುಮಾರು 53 ಮಾತ್ರ. ಅದೇ ಕೈ, ಅದೇ ಲಿವರ್, ಆದರೆ ಎಳೆದ ಬಲದಲ್ಲಿ ಹತ್ತಿರ ಹತ್ತಿರ ಅರ್ಧ ದಾರಿಯಲ್ಲೇ ಮಾಯ.

ಮಣ್ಣು ಎಲ್ಲಿಂದ ಬರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮಳೆ ಬಿದ್ದ ಮೇಲೆ ಎರಿ ಹೊಲದ ದಾರಿಯಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿಯೇ ಮೇಲೇಳೋದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಎಲ್ಲಾ ಕಡೆ ಹೊಕ್ಕುತ್ತೆ. ಎಷ್ಟೋ ಸೈಕಲ್‌ಗಳಲ್ಲಿ ಗೇರ್ ವೈರ್ ಕೆಳಗಿನ ಪೈಪಿನ ಅಡಿಯಲ್ಲಿ ಬಂದು, ಪೆಡಲ್ ಬುಡದ ಪ್ಲಾಸ್ಟಿಕ್ ಗೈಡ್ ಮೇಲೆ ಬರಿ ಮೈಯಲ್ಲಿ ತಿರುಗುತ್ತೆ. ಮುಂದಿನ ಚಕ್ರ ಎರಚೋ ರಾಡಿ ಬಂದು ಬೀಳೋದು ಸರಿಯಾಗಿ ಅಲ್ಲಿಗೇ. ವೈರ್ ಮೇಲಿನ ಪೈಪಿನಲ್ಲಿ ಹೋದರೆ ಈ ತೊಂದರೆ ಕಡಿಮೆ. ಶಿಫ್ಟರ್‌ನಿಂದ ಡಿರೇಲರ್ ತನಕ ಒಂದೇ ಔಟರ್ ಹಾಕಿದರೆ ನಡುವೆ ಮಣ್ಣು ಹೊಗೋಕೆ ಬಾಯೇ ಇರೋಲ್ಲ. ತೂಕ ಸ್ವಲ್ಪ ಜಾಸ್ತಿ ಆಗುತ್ತೆ, ಆಗಲಿ.

ಹಾಗಾದ್ರೆ ಫ್ರೇಮಿನೊಳಗೆ ಹಾಕಿದರೆ ಇನ್ನೂ ಒಳ್ಳೇದಲ್ವಾ ಅಂತ ಕೇಳಬಹುದು. ಮಣ್ಣಿನ ಮಟ್ಟಿಗೆ ನಿಜ. ತೊಂದರೆ ಶುರುವಾಗೋದು ವೈರ್ ಹರಿದ ದಿನ. ಹೋದ ಮಳೆಗಾಲದಲ್ಲಿ ಮುಂಡರಗಿ ಹತ್ತಿರ ಗೆಳೆಯನೊಬ್ಬನ ಗೇರ್ ವೈರ್ ಫ್ರೇಮಿನೊಳಗೇ ಹರಿಯಿತು. ಸೈಕಲ್ ಅಂಗಡಿಯ ಕಾಕಾ ನೋಡಿ, "ತಮ್ಮಾ, ಒಳಗ ವೈರ್ ಹಾಕೂದು ನನ್ನ ಕಡೆ ಆಗಂಗಿಲ್ಲ, ಹುಬ್ಬಳ್ಳಿಗೆ ಒಯ್ಯಿ" ಅಂದ್ರು. ಅವರಿಗೆ ಕೆಲಸ ಬರೋಲ್ಲ ಅಂತಲ್ಲ. ಹೊರಗಿನ ವೈರ್ ಆಗಿದ್ರೆ ಚಹಾ ಕುಡಿಯೋದ್ರೊಳಗೆ ಬದಲಾಯಿಸಿ ಕೊಡ್ತಿದ್ರು. ಆ ಫ್ರೇಮ್ ಡಿಸೈನ್ ಮಾಡಿದವರ ತಲೆಯಲ್ಲಿ ಮುಂಡರಗಿಯ ಅಂಗಡಿಯೇ ಇರಲಿಲ್ಲ, ಅಷ್ಟೇ.

ಅಜ್ಜಂದಿರ ಕರಿ ಸೈಕಲ್ಲಿಗೆ ಬ್ರೇಕ್ ವೈರೇ ಇರಲಿಲ್ಲ, ಕಬ್ಬಿಣದ ರಾಡ್ ಇತ್ತು. ಭಾರ ಹೌದು. ಆದರೆ ಯಾವ ನಟ್ ಸಡಿಲ ಆಗಿದೆ ಅಂತ ನಿಂತಲ್ಲೇ ಕಾಣ್ತಿತ್ತು. ಕಂಡದ್ದನ್ನ ಯಾರಾದ್ರೂ ರಿಪೇರಿ ಮಾಡ್ತಾರೆ.

ಗದಗದಲ್ಲಿ ಸೈಕಲ್ ರೇಸ್ ಹೊಸದೇನಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ಇಲ್ಲೇ ನಡೀತು. ರೇಸಿನವರ ಲೆಕ್ಕ ಬೇರೆ. ರೋಡ್ ರೇಸಿನಲ್ಲಿ ಗಾಳಿಯ ತಡೆ ಒಂಚೂರು ಕಡಿಮೆಯಾದರೂ ಲಾಭ, ಜೊತೆಗೆ ಮೆಕ್ಯಾನಿಕ್ ಇರ್ತಾರೆ. ಕ್ಲಾಸಿಗೆ, ಊರಿಗೆ ಓಡಾಡೋ ನಮಗೆ ಅದೆರಡೂ ಇಲ್ಲ.

ಹೊಸ ವೈರ್ ಹಾಕಿಸುವಾಗ ಮೂರು ಮಾತು ನೆನಪಿರಲಿ. ಒಂದು, ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಮಡಚಬಾರದು. ಎರಡು, ಬಲಗೈ ಶಿಫ್ಟರಿನ ವೈರನ್ನು ಫ್ರೇಮಿನ ಎಡಬದಿಗೆ ದಾಟಿಸಿದರೆ ಎಷ್ಟೋ ಸಲ ಬಾಗು ಸಲೀಸಾಗುತ್ತೆ. ಮೂರು, ಗೇರಿನ ಔಟರನ್ನು ಬ್ರೇಕಿಗೆ ಯಾವತ್ತೂ ಹಾಕಿಸಬೇಡಿ. ಗೇರ್ ಔಟರಿನ ತಂತಿಗಳು ಉದ್ದುದ್ದ ಇರ್ತವೆ, ಬ್ರೇಕಿನದ್ದು ಸ್ಪ್ರಿಂಗಿನ ಹಾಗೆ ಸುತ್ತಿರುತ್ತೆ. ಜೋರಾಗಿ ಬ್ರೇಕ್ ಹಿಡಿದಾಗ ಗೇರ್ ಔಟರ್ ಒಡೆದು ಹೋಗಬಹುದು, ಆಗ ಕೈಯಲ್ಲಿ ಬರೀ ಲಿವರ್ ಉಳಿಯುತ್ತೆ.

ನಾಳೆ ನಮ್ಮಲ್ಲೇ ಯಾರಾದ್ರೂ ಸೈಕಲ್ಲೋ, ಪಂಪೋ, ಬಿತ್ತೋ ಮಷೀನೋ ಡಿಸೈನ್ ಮಾಡಬಹುದು. ಆವಾಗ ಸ್ಕ್ರೀನ್ ಮೇಲೆ ಹೇಗೆ ಕಾಣುತ್ತೆ ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳ್ಕೊಳ್ಳಿ: ಶಿರಹಟ್ಟಿಯಲ್ಲಿ ಇದು ಕೆಟ್ಟು ನಿಂತರೆ, ಒಂದು ಪಾನಾ, ಒಂದು ಪಕ್ಕಡ ಇಟ್ಕೊಂಡಿರೋ ಮನುಷ್ಯ ಇದನ್ನ ಸರಿಮಾಡೋಕೆ ಆಗುತ್ತಾ?