ಪೌರತ್ವ ಹೋದರೆ ತವರಿನ ಪಾಲೂ ಹೋಗುತ್ತದೆಯೇ?

ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರಳಾದವಳು 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಇಲ್ಲಿಯ ಪೌರತ್ವ ಕಳೆದುಕೊಳ್ಳುತ್ತಾಳೆ. 2005ರಲ್ಲಿ ಬಂದ ಓಸಿಐ ಕಾರ್ಡು ಇದ್ದರೂ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಈ ಕೊನೆಯ ಮಾತನ್ನು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಅಣ್ಣತಮ್ಮಂದಿರು ತಿರುಚುವುದನ್ನು ಕೇಳಿದ್ದೇನೆ: “ನೀನೀಗ ಅಮೆರಿಕದೋಳು, ಇಲ್ಲಿ ಜಮೀನು ಇಟ್ಕೊಳಂಗಿಲ್ಲ ಕಣವ್ವ, ಬಿಡುಗಡೆ ಪತ್ರಕ್ಕೆ ಒಂದು ರುಜು ಹಾಕ್ಬುಡು.”

ಇದು ಸುಳ್ಳು. ಕೊಳ್ಳುವುದು ಬೇರೆ, ವಾರಸಿನಿಂದ ಬರುವುದು ಬೇರೆ. ಓಸಿಐ ಕಾರ್ಡಿರುವ ಮಗಳಿಗೆ ಅಪ್ಪ ಗದ್ದೆಯನ್ನು ದಾನಪತ್ರದಿಂದ ಕೊಡುವಂತಿಲ್ಲ, ನಿಜ. ಆದರೆ ವಾರಸುದಾರಳಾಗಿ ಅವಳು ಅದನ್ನು ಪಡೆಯಬಹುದು. ಹಿಂದೂ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಟ್ಟ 1994ರ ಕರ್ನಾಟಕದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

“ಮದುವೆಯಲ್ಲಿ ಕೊಟ್ಟದ್ದೇ ಪಾಲು” ಎನ್ನುವವರೂ ಇದ್ದಾರೆ. ವಿದೇಶದ ವರನಿಗೆ ಸುರಿದ ವರದಕ್ಷಿಣೆ ಸೇರಿದ್ದು ಅವನ ಮನೆಯನ್ನು. ಅದು ಮಗಳ ಪಾಲು ಹೇಗಾದೀತು? ಹೊಡೆಯುವ ಗಂಡನನ್ನು ಬಿಟ್ಟು ಬಂದವಳಿಗೆ ಕಾಲೂರಲು ನೆಲ ಬೇಕು. ಅದಿಲ್ಲವೆಂದೇ ಎಷ್ಟೋ ಹೆಣ್ಣುಮಕ್ಕಳು ಏಟು ತಿನ್ನುತ್ತ ಅಲ್ಲೇ ಉಳಿಯುತ್ತಾರೆ.

ಆದ್ದರಿಂದ ತಾಯಂದಿರೇ, ಅರಿಶಿನ ಕುಂಕುಮ ಕೊಟ್ಟು ರುಜು ಹಾಕಿಸಿಕೊಳ್ಳುವ ಕೆಲಸಕ್ಕೆ ನೀವು ಕೈಜೋಡಿಸಬೇಡಿ. ಹೆಣ್ಣುಮಕ್ಕಳೇ, ರುಜು ಹಾಕುವ ಮೊದಲು ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಪಾಸ್‌ಪೋರ್ಟು ಬದಲಾದೀತು, ಹುಟ್ಟು ಬದಲಾಗದು.