ಕಾರ್ಡಿನ ಸಾಲ, ವೀಸಾದ ಗಡುವು

ರೂಪಾಯಿ ಬಿದ್ದಾಗಲೆಲ್ಲ ಮುಐದರಿನಲ್ಲಿ ನಾವಿರುವ ವಿಲ್ಲಾಗಳಲ್ಲಿ ಒಂದೇ ಮಾತು: "ಈಗ್ಲೇ ಊರಿಗೆ ದುಡ್ಡು ಕಳಿಸಿಬಿಡ್ಬೇಕು." ಕೈಯಲ್ಲಿ ದುಡ್ಡಿದ್ದವರು ಕಳಿಸಲಿ, ಒಳ್ಳೆಯದೇ. ಇಲ್ಲದವರು ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದು ಕಳಿಸ್ತಾರಲ್ಲ, ನಮ್ಮ ತಕರಾರು ಅದಕ್ಕೆ.

ಲೆಕ್ಕ ಹಾಕೋಣ. ಒಂದು ಡಾಲರಿಗೆ 3.64 ರಿಯಾಲ್ ಎಂಬ ದರ ಅಲುಗಾಡುವುದಿಲ್ಲ. ಹಾಗಾಗಿ ಡಾಲರಿನ ಎದುರು ರೂಪಾಯಿ ಕುಸಿದರೆ ರಿಯಾಲಿನ ಎದುರೂ ಅಷ್ಟೇ ಕುಸಿಯುತ್ತದೆ. 2025ರ ಮೇ ತಿಂಗಳಲ್ಲಿ 85 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 88 ದಾಟಿತು. ಅಂದರೆ ರಿಯಾಲಿಗೆ ಸುಮಾರು 23.35 ಇದ್ದದ್ದು 24.18 ಆಯಿತು. ಹತ್ತು ಸಾವಿರ ರಿಯಾಲ್ ಕಳಿಸಿದವರಿಗೆ ಸಿಕ್ಕ ಹೆಚ್ಚುವರಿ ಎಂಟು ಸಾವಿರ ರೂಪಾಯಿ ಚಿಲ್ಲರೆ. ನಗದು ತೆಗೆದ ಶುಲ್ಕ ಶೇ 4 ಎಂದಿಟ್ಟುಕೊಂಡರೆ 400 ರಿಯಾಲ್, ಅಂದರೆ ಒಂಬತ್ತೂವರೆ ಸಾವಿರ ರೂಪಾಯಿಗೂ ಹೆಚ್ಚು. ಲಾಭ ಅಲ್ಲೇ ಹೋಯ್ತು. ಮೇಲೆ, ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಸಿಗುವ ಬಡ್ಡಿಯಿಲ್ಲದ ದಿನಗಳು ನಗದಿಗೆ ಸಾಮಾನ್ಯವಾಗಿ ಇರುವುದಿಲ್ಲ. ತೆಗೆದ ದಿನದಿಂದಲೇ ಬಡ್ಡಿ ಶುರು.

"ಇಲ್ಲಿ ಬಡ್ಡಿ ಕಮ್ಮಿ ಕಣ್ರೋ" ಅಂತಾರೆ ಹಿರಿಯರು. ಅದು ಸುಳ್ಳಲ್ಲ. ಕತಾರ್ ಸೆಂಟ್ರಲ್ ಬ್ಯಾಂಕ್ 2011ರಲ್ಲಿ ತಂದ ನಿಯಮದಲ್ಲಿ ಕಾರ್ಡಿನ ಬಡ್ಡಿಗೆ ತಿಂಗಳಿಗೆ ಶೇ 1ರ ಮಿತಿ ಹಾಕಿತು. ನಮ್ಮೂರಲ್ಲಿ ಶೇ 3.5 ಕೂಡ ಮಾಮೂಲು, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಅಲ್ಲಿ 50,000 ಬಾಕಿಗೆ ಶೇ 5ರಂತೆ ಕನಿಷ್ಠ ಕಂತು 2,500 ಕಟ್ಟಿದರೆ, 2,065 ರೂಪಾಯಿ ಬಡ್ಡಿ ಮತ್ತು ತೆರಿಗೆಗೇ ಹೋಗಿ ಅಸಲು ಕರಗುವುದು ಬರೀ 435.

ಆದರೆ ಗಲ್ಫಿನಲ್ಲಿ ಸಾಲದ ಅಪಾಯ ಬಡ್ಡಿಯಲ್ಲಿಲ್ಲ, ವೀಸಾದಲ್ಲಿದೆ. ಊರಲ್ಲಿ ಕೆಲಸ ಹೋದರೆ ಅಪ್ಪನ ಮನೆಯಲ್ಲಿದ್ದು, ಇನ್ನೊಂದು ಕೆಲಸ ಹುಡುಕಿ ನಿಧಾನಕ್ಕೆ ತೀರಿಸಬಹುದು. ಇಲ್ಲಿ ಕೆಲಸ ಹೋದರೆ ಇರುವ ಪರವಾನಗಿಗೂ ಕುತ್ತು. ಕೊನೆಯ ಲೆಕ್ಕದ ಹಣ ಸಂಬಳದ ಖಾತೆಗೇ ಬರುತ್ತದೆ, ಅದನ್ನು ಬ್ಯಾಂಕ್ ತಡೆಹಿಡಿಯಬಹುದು. ಮೂರು ವರ್ಷದಲ್ಲಿ ತೀರಿಸೋಣ ಅಂದುಕೊಂಡದ್ದು ಒಂದೇ ತಿಂಗಳಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. 2020ರ ಜೂನ್‌ನಲ್ಲಿ, ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಿಗೆ ವಿದೇಶಿ ನೌಕರರ ವೆಚ್ಚವನ್ನು ಶೇ 30 ಇಳಿಸಲು ಸೂಚನೆ ಬಂದಾಗ ಎಷ್ಟು ಮನೆಗಳಲ್ಲಿ ಈ ದಿಗಿಲು ಹುಟ್ಟಿರಬೇಕು! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆಯೂ ಬಾಡಿಗೆಯದು.

"ವಿಮಾನ ಹತ್ತಿದ್ರೆ ಮುಗೀತು" ಎನ್ನುವವರ ಮಾತು ಕೇಳಬೇಡಿ. ಸಾಲ ಕೊಡುವಾಗ ಬ್ಯಾಂಕುಗಳು ಭದ್ರತೆಗೆ ಸಹಿ ಮಾಡಿದ ಚೆಕ್ ಇಟ್ಟುಕೊಳ್ಳುವುದುಂಟು. ಹಣವಿಲ್ಲದ ಚೆಕ್ಕಿಗೆ ಕತಾರಿನ ದಂಡಸಂಹಿತೆಯ 357ನೇ ಕಲಂ ಪ್ರಕಾರ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಪ್ರಯಾಣ ನಿಷೇಧ ಬಿದ್ದರೆ ವಿಮಾನ ಹತ್ತುವುದೇ ಕಷ್ಟ. ಪಕ್ಕದ ಯುಎಇ ವಿಷಯದಲ್ಲಂತೂ 2020ರ ಜನವರಿಯಿಂದ ಅಲ್ಲಿನ ಕೋರ್ಟಿನ ಸಿವಿಲ್ ಡಿಕ್ರಿಯನ್ನು ನಮ್ಮ ಜಿಲ್ಲಾ ಕೋರ್ಟಿನಲ್ಲೇ ಜಾರಿ ಮಾಡಿಸಬಹುದು.

ಆದ್ದರಿಂದ ನಮ್ಮ ಅಭಿಪ್ರಾಯ, ಕೆಲವರಿಗೆ ಒರಟು ಅನ್ನಿಸಬಹುದು: ಕಾರ್ಡಿನ ಬಾಕಿ ತೀರುವ ತನಕ ಊರಿಗೆ ಕಳಿಸುವುದನ್ನು ಅರ್ಧ ಮಾಡಬೇಕು. ಸೈಟಿನ ಕಂತು, ತಂಗಿಯ ಮದುವೆ, ಮನೆಗೆ ಇನ್ನೊಂದು ಮಹಡಿ, ಇವೆಲ್ಲ ನಮಗೂ ಗೊತ್ತು. "ಗಲ್ಫಿನಲ್ಲಿದ್ದೂ ದುಡ್ಡಿಲ್ವಾ?" ಎಂಬ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಅಣ್ಣಂದಿರು ಮನೆಯವರಿಗೆ ಬಾಕಿಯ ಸುದ್ದಿಯನ್ನೇ ಹೇಳುವುದಿಲ್ಲ. ನಮ್ಮಲ್ಲಿ ಕೆಲವರ ಫೀಸನ್ನೂ ಅಪ್ಪಂದಿರು ಕಾರ್ಡಿನಲ್ಲೇ ಕಟ್ಟಿರಬಹುದು. ಕೇಳಿ ನೋಡಿದ್ದೇವಾ? ಅವರು ತಾವಾಗಿ ಹೇಳಲಿ ಎಂದು ಕಾಯುವುದಕ್ಕಿಂತ ನಾವೇ ಕೇಳಬೇಕು.

ಕಷ್ಟ ಬರುವ ಸೂಚನೆ ಸಿಕ್ಕರೆ, ಕೆಲಸ ಇರುವಾಗಲೇ ಬ್ಯಾಂಕಿಗೆ ಹೋಗಿ ಕಂತು ಮಾಡಿಕೊಡಿ ಎಂದು ಕೇಳಿ. ಸಂಬಳ ಬರುತ್ತಿರುವವನ ಜೊತೆ ಬ್ಯಾಂಕು ಮಾತಾಡುವ ಧಾಟಿಯೇ ಬೇರೆ. ದಾರಿ ತೋಚದಿದ್ದರೆ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ ನಡೆಯುವ ಐಸಿಬಿಎಫ್ ಇದೆ. ಪೂರ್ತಿ ತೀರಿಸಿದ ದಿನ ಕಾರ್ಡ್ ಕತ್ತರಿಸಿದರೆ ಸಾಲದು. ಬಾಕಿ ಇಲ್ಲವೆಂಬ ಪತ್ರ, ಕೊಟ್ಟಿದ್ದ ಚೆಕ್ ಎರಡನ್ನೂ ವಾಪಸ್ ಇಸ್ಕೊಂಡೇ ಬನ್ನಿ.